ದಿನಕ್ಕೊಂದು ಒಳ್ಳೆಯ ಕೆಲಸ: ಮಗನ ದಿನಚರಿಯನ್ನು ನಂಬಬಹುದೇ?

ಪ್ರಶ್ನೆ: ನನ್ನ ಮಗ ಆರನೇ ತರಗತಿ. ಈ ವರ್ಷ ಶಾಲೆಯ ಸ್ಕೌಟ್ ದಳಕ್ಕೆ ಸೇರಿದ್ದಾನೆ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ದಿನಚರಿಯಲ್ಲಿ ಬರೆಯಬೇಕಂತೆ. ಮೊನ್ನೆ ಅದನ್ನು ತೆರೆದು ನೋಡಿದೆ. ‘ಬಸ್ಸಿನಲ್ಲಿ ಅಜ್ಜನಿಗೆ ಸೀಟು ಬಿಟ್ಟುಕೊಟ್ಟೆ’ ಎಂದು ಎರಡು ಕಡೆ ಬರೆದಿದ್ದಾನೆ. ಆದರೆ ಅವನು ಹೋಗಿಬರುವುದು ಶಾಲೆಯ ವ್ಯಾನಿನಲ್ಲಿ. ಇನ್ನೊಂದು ಪುಟದಲ್ಲಿ ‘ಅಮ್ಮನ ಫೋನ್ ಚಾರ್ಜಿಗೆ ಹಾಕಿದೆ’ ಎಂದಿದೆ. ಒಂದು ಸುಳ್ಳು, ಇನ್ನೊಂದು ತೀರಾ ಕ್ಷುಲ್ಲಕ. ಇಂಥ ಸಣ್ಣಪುಟ್ಟ ಕೆಲಸಗಳೇ ಮಕ್ಕಳ ಬದುಕನ್ನು ರೂಪಿಸುತ್ತವೆ ಎಂದು ಅವರ ಸ್ಕೌಟ್ ಮಾಸ್ಟರ್ ಹೇಳುತ್ತಾರೆ. ಇದು ನಿಜವೇ? ಇಲ್ಲವೇ ಎಲ್ಲವೂ ಮುಂದೆ ಸಿಗುವ ಸರ್ಟಿಫಿಕೇಟಿಗಾಗಿಯೇ? — ಹಾಸನದ ಓದುಗರೊಬ್ಬರು

ಉತ್ತರ: ಮಗನ ದಿನಚರಿಯನ್ನು ತೆರೆದು ನೋಡಿ, ಅವನನ್ನು ಗದರದೆ, ಹಾಗೆಂದು ಕಂಡೂ ಕಾಣದಂತೆ ಮುಚ್ಚಿಡದೆ, ಅದರಲ್ಲಿ ಬರೆದಿರುವುದಕ್ಕೆ ಏನಾದರೂ ಅರ್ಥವಿದೆಯೇ ಎಂದು ಕೇಳಿದ್ದೀರಿ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ 28 ವರ್ಷ ಸ್ಕೌಟ್ ಮಾಸ್ಟರ್ ಆಗಿದ್ದು, ಆ ಬಳಿಕ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿರುವ ನನ್ನಂಥವರು ಈ ಪ್ರಶ್ನೆಯನ್ನು ನಮಗೆ ನಾವೇ ಮತ್ತೆ ಮತ್ತೆ ಕೇಳಿಕೊಳ್ಳಬೇಕು. ಸಣ್ಣ ಉಪಕಾರಗಳು ಬದುಕನ್ನು ರೂಪಿಸುತ್ತವೆ ಎಂಬುದು ನಿಜ. ಅವು ಮೊದಲು ತಿದ್ದುವುದು ಉಪಕಾರ ಮಾಡುವವರ ಕಣ್ಣನ್ನು. ಎದುರಿಗಿರುವವರಿಗೆ ಏನು ಕಷ್ಟವಾಗುತ್ತಿದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳುವ ಮೊದಲೇ ಕಾಣುವ ರೂಢಿ ಒಮ್ಮೆ ಬಂದರೆ, ಕೈ ತಾನಾಗಿ ಮುಂದೆ ಹೋಗುತ್ತದೆ. ಆ ದೃಷ್ಟಿಯಿಂದ ನೋಡಿದರೆ ನೀವು ಕ್ಷುಲ್ಲಕವೆಂದು ಬದಿಗಿಟ್ಟ ಫೋನಿನ ಸಾಲೇ ಆ ದಿನಚರಿಯಲ್ಲಿ ಬೆಲೆಯುಳ್ಳ ಸಾಲು. ಬಸ್ಸಿನ ಅಜ್ಜನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ನಿಮ್ಮ ಮಗನಿಗಿಂತ ದೊಡ್ಡವರ ತಪ್ಪೇ ಹೆಚ್ಚು.

ಈ ಪದ್ಧತಿಯ ಮೂಲವನ್ನು ಚುಟುಕಾಗಿ ಹೇಳುತ್ತೇನೆ. 1907ರ ಆಗಸ್ಟ್‌ನಲ್ಲಿ, ಸ್ಕೌಟ್ ಚಳವಳಿಯನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಮೊದಲ ಪ್ರಾಯೋಗಿಕ ಶಿಬಿರ ನಡೆಸಿದರು. ಸ್ಥಿತಿವಂತರು ಕಲಿಯುವ ಶಾಲೆಗಳ ಹುಡುಗರೂ ದುಡಿಯುವ ಕುಟುಂಬಗಳ ಹುಡುಗರೂ ಅಲ್ಲಿ ಒಟ್ಟಿಗೆ ಇದ್ದರು. ಮರುವರ್ಷ ಅವರು ಹುಡುಗರಿಗಾಗಿ ಬರೆದ ಕೈಪಿಡಿಯಲ್ಲಿ ದಿನಕ್ಕೊಂದು ಉಪಕಾರದ ಮಾತು ಬಂತು. ಅವರು ರೂಪಿಸಿದ ಬ್ಯಾಡ್ಜಿನಲ್ಲಿ ಧ್ಯೇಯವಾಕ್ಯದ ಪಟ್ಟಿಯ ಕೆಳಗೆ ಗಂಟು ಹಾಕಿದ ಸಣ್ಣ ದಾರವೊಂದು ಇಳಿಬಿದ್ದಿರುತ್ತದೆ. ಇವತ್ತಿನ ಒಳ್ಳೆಯ ಕೆಲಸ ಆಯಿತೇ ಎಂದು ನೆನಪಿಸುವುದಕ್ಕೆಂದೇ ಅದು ಅಲ್ಲಿರುವುದು. ಮರೆಯಬಾರದ ಸಂಗತಿಗೆ ನಮ್ಮ ಅಜ್ಜಿಯರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ ಉಪಾಯವೇ ಇದು.

ನಮ್ಮ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಕಬ್ ಮತ್ತು ಬುಲ್‌ಬುಲ್ ವಿಭಾಗದ ಪುಟ್ಟ ಮಕ್ಕಳು ಮಾಡುವ ಪ್ರತಿಜ್ಞೆಯಲ್ಲಿ, ಪ್ರತಿದಿನವೂ ಒಂದು ಒಳ್ಳೆಯ ಕೆಲಸ ಮಾಡುತ್ತೇನೆ ಎಂಬ ಮಾತು ನೇರವಾಗಿಯೇ ಇದೆ. ಹತ್ತು ವರ್ಷ ದಾಟಿ ಸ್ಕೌಟ್ ಅಥವಾ ಗೈಡ್ ಆದಾಗ ಅದು ‘ಇತರರಿಗೆ ಸಹಾಯ ಮಾಡುವುದು’ ಎಂದು ಹಿಗ್ಗುತ್ತದೆ, ದಿನದ ಲೆಕ್ಕ ಪ್ರತಿಜ್ಞೆಯಿಂದ ಮರೆಯಾಗುತ್ತದೆ. ಸ್ಕೌಟ್ ನಿಯಮಗಳು ಒಂಬತ್ತು: ನಂಬಿಕೆಗೆ ಅರ್ಹನಾಗಿರುವುದು, ನಿಷ್ಠೆ, ಎಲ್ಲರೊಡನೆ ಸ್ನೇಹ, ವಿನಯ, ಪ್ರಾಣಿಗಳ ಮತ್ತು ನಿಸರ್ಗದ ಪ್ರೀತಿ, ಶಿಸ್ತು, ಧೈರ್ಯ, ಮಿತವ್ಯಯ, ಮನಸ್ಸು ಮಾತು ಕೃತಿಗಳ ಶುದ್ಧಿ. ಗಮನಿಸಿ, ಸಹಾಯ ಮಾಡಬೇಕು ಎಂಬುದು ಇವುಗಳಲ್ಲಿ ಪ್ರತ್ಯೇಕ ನಿಯಮವಾಗಿ ಇಲ್ಲ. ಅದನ್ನು ಮಗು ತನ್ನ ಮಾನದ ಮೇಲೆ ಆಣೆಯಿಟ್ಟು ಪ್ರತಿಜ್ಞೆಯಲ್ಲೇ ಹೇಳುತ್ತದೆ. ನಿಯಮವನ್ನು ಮುರಿದರೆ ಕೇಳುವವರು ಬೇರೆಯವರು ಇರುತ್ತಾರೆ, ಆದರೆ ಮಾತು ಕೊಟ್ಟವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗುತ್ತದೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಿದಾಗ ಅವರು ತಲೆಯೆತ್ತಿ ಕೇಳುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ತನ್ನ ತಟ್ಟೆಯನ್ನು ತಾನು ತೊಳೆದದ್ದು, ತನ್ನ ಹಾಸಿಗೆಯನ್ನು ತಾನು ಮಡಿಸಿಟ್ಟದ್ದು ಸತ್ಕಾರ್ಯದ ಲೆಕ್ಕಕ್ಕೆ ಬರುವುದಿಲ್ಲ. ಅದು ತನ್ನ ಪಾಲಿನ ಕೆಲಸ. ತನ್ನ ಪಾಲಿನದಲ್ಲದ್ದನ್ನು, ಯಾರೂ ಹೇಳದೆ, ಏನನ್ನೂ ಬಯಸದೆ ಮಾಡಿದಾಗ ಮಾತ್ರ ಅದನ್ನು ದಿನಚರಿಯಲ್ಲಿ ಬರೆಯಬಹುದು. ಅನೇಕ ಶಾಲೆಗಳಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯದೆ ಬಿಡುವುದರಿಂದಲೇ ದಿನಚರಿಗಳು ‘ಹಲ್ಲುಜ್ಜಿದೆ, ಹೋಂವರ್ಕ್ ಮಾಡಿದೆ’ ಎಂಬ ಸಾಲುಗಳಿಂದ ತುಂಬಿಹೋಗುತ್ತವೆ.

ಏನನ್ನೂ ಬಯಸದೆ ಎಂಬ ಮಾತಿನ ತೂಕ ತಿಳಿಯಬೇಕಾದರೆ 1909ರ ಲಂಡನ್ನಿನ ಪ್ರಸಂಗವೊಂದನ್ನು ಹೇಳಬೇಕು. ಸ್ಕೌಟ್ ಮಾಸ್ಟರ್‌ಗಳು ಇದನ್ನು ಎಲ್ಲ ಶಿಬಿರಗಳಲ್ಲೂ ಹೇಳುತ್ತಾರೆ. ಅಮೆರಿಕದ ಷಿಕಾಗೊ ನಗರದ ಪತ್ರಿಕಾ ಪ್ರಕಾಶಕ ವಿಲಿಯಂ ಬಾಯ್ಸ್ ಎಂಬುವರು ಪೂರ್ವ ಆಫ್ರಿಕಾಕ್ಕೆ ಹೋಗುವ ದಾರಿಯಲ್ಲಿ ಲಂಡನ್ನಿನಲ್ಲಿ ತಂಗಿದ್ದರು. ಬೀದಿಯಲ್ಲಿ ದಾರಿ ತಿಳಿಯದೆ ನಿಂತಿದ್ದ ಅವರಿಗೆ ಹುಡುಗನೊಬ್ಬ ನೆರವಾದ. ಬಾಯ್ಸ್ ಜೇಬಿಗೆ ಕೈಹಾಕಿ ಹಣ ಕೊಡಲು ಹೋದಾಗ, ತಾನು ಸ್ಕೌಟ್, ಉಪಕಾರಕ್ಕೆ ಹಣ ತೆಗೆದುಕೊಳ್ಳುವಂತಿಲ್ಲ ಎಂದು ಹುಡುಗ ಬೇಡವೆಂದ. ದಟ್ಟ ಮಂಜು ಕವಿದಿತ್ತು ಎಂದು ಕಥೆ ಹೇಳುವವರು ಸೇರಿಸುತ್ತಾರೆ. ಅದು ಆಮೇಲೆ ಹತ್ತಿದ ಬಣ್ಣವೆಂದು ಇತಿಹಾಸ ಬಲ್ಲವರು ಹೇಳುತ್ತಾರೆ. ನಾನು ಮಂಜನ್ನು ಬಿಟ್ಟೇ ಹೇಳುತ್ತೇನೆ, ಅದರಿಂದ ಕಥೆಗೆ ಏನೂ ಕಡಿಮೆಯಾಗುವುದಿಲ್ಲ. ಬಾಯ್ಸ್ ಲಂಡನ್ನಿನ ಸ್ಕೌಟ್ ಕಚೇರಿಗೆ ಹೋಗಿ ವಿಷಯ ತಿಳಿದುಕೊಂಡರು. ಅವರ ಪ್ರಯತ್ನದಿಂದ 1910ರ ಫೆಬ್ರವರಿ 8ರಂದು ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಸಂಸ್ಥೆ ನೋಂದಣಿಯಾಯಿತು.

ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಹಣವನ್ನು ಬೇಡವೆಂದ ಗಳಿಗೆಯಲ್ಲಿ. ಬಾಯ್ಸ್ ಅವರ ಪತ್ರಿಕೆಗಳನ್ನು ಊರೂರಿನಲ್ಲಿ ಮಾರುತ್ತಿದ್ದವರು ಹುಡುಗರೇ. ನಾಲ್ಕು ಕಾಸಿಗಾಗಿ ಬೀದಿಯಲ್ಲಿ ನಿಂತು ದುಡಿಯುವ ಹುಡುಗರನ್ನು ಅಷ್ಟು ಹತ್ತಿರದಿಂದ ಬಲ್ಲ ವ್ಯಾಪಾರಿಗೆ, ಚಾಚಿದ ನಾಣ್ಯವನ್ನು ಹುಡುಗನೊಬ್ಬ ಬೇಡವೆಂದದ್ದು ದಾರಿ ತೋರಿಸಿದ್ದಕ್ಕಿಂತಲೂ ಹೆಚ್ಚು ನಾಟಿರಬೇಕೆಂದು ನನಗೆ ಅನಿಸುತ್ತದೆ. ನಾಣ್ಯ ತೆಗೆದುಕೊಂಡಿದ್ದರೆ ಅದು ಕೂಲಿಯಾಗುತ್ತಿತ್ತು, ಲೆಕ್ಕ ಅಲ್ಲಿಗೇ ಚುಕ್ತಾ ಆಗುತ್ತಿತ್ತು. ಮುಂದೆ 1915ರಲ್ಲಿ, ದಳ ಕಟ್ಟುವಷ್ಟು ಮಕ್ಕಳಿಲ್ಲದ ಹಳ್ಳಿಗಾಡಿನ ಹುಡುಗರಿಗಾಗಿ ಬಾಯ್ಸ್ ಲೋನ್ ಸ್ಕೌಟ್ಸ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿದರು; ದಿನಕ್ಕೊಂದು ಉಪಯುಕ್ತ ಕೆಲಸ ಮಾಡು ಎಂಬುದೇ ಅದರ ಧ್ಯೇಯವಾಕ್ಯವಾಗಿತ್ತು. ಆ ಹುಡುಗನ ಹೆಸರು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. 1926ರಲ್ಲಿ ಅಮೆರಿಕದ ಸ್ಕೌಟರು ಆ ‘ಅಜ್ಞಾತ ಸ್ಕೌಟ್’ನ ಗೌರವಾರ್ಥ ಕಾಡೆಮ್ಮೆಯ ಪ್ರತಿಮೆಯೊಂದನ್ನು ಬ್ರಿಟನ್ನಿನ ಸ್ಕೌಟ್ ತರಬೇತಿ ಕೇಂದ್ರವಾದ ಗಿಲ್ವೆಲ್ ಪಾರ್ಕಿಗೆ ಕೊಟ್ಟರು. ದಾರಿ ತೋರಿಸಿ ಹೋದ ಹುಡುಗನಿಗೆ ತಾನು ಏನನ್ನು ಶುರುಮಾಡಿದೆ ಎಂಬುದು ಎಂದಾದರೂ ತಿಳಿದಿತ್ತೋ ಇಲ್ಲವೋ.

ಅದೇ 1909ರಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ಆರಂಭವಾಯಿತು. ಕ್ಯಾಪ್ಟನ್ ಬೇಕರ್ ಎಂಬುವರು ಇಲ್ಲಿ ಕಟ್ಟಿದ ದಳದಿಂದಲೇ ಭಾರತದ ಸ್ಕೌಟ್ ಚಳವಳಿಯ ಚರಿತ್ರೆ ಶುರುವಾಗುತ್ತದೆ. ಆದರೆ ಅದರ ಬಾಗಿಲು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಸ್ಕೌಟ್ ಎಲ್ಲರ ಸ್ನೇಹಿತ ಎಂಬ ನಿಯಮವಿದ್ದ ದಳದೊಳಕ್ಕೆ, ಪಕ್ಕದ ಬೀದಿಯ ಕನ್ನಡದ ಹುಡುಗ ಕಾಲಿಡುವಂತಿರಲಿಲ್ಲ. ಇದನ್ನು ನಾನು ಮಕ್ಕಳಿಂದ ಮುಚ್ಚಿಡುವುದಿಲ್ಲ, ಏಕೆಂದರೆ ತಮ್ಮವರಿಗಷ್ಟೇ ಉಪಕಾರ ಮಾಡುವ ರೋಗ ಆ ಕಾಲಕ್ಕೇ ಮುಗಿದಿಲ್ಲ. ಆ ಬೇಲಿಯನ್ನು ಕಿತ್ತವರು ಹಲವರು. ವಿವಿಯನ್ ಬೋಸ್ ಅವರು ಮಧ್ಯಪ್ರಾಂತದಲ್ಲಿ ಭಾರತೀಯ ಹುಡುಗರನ್ನು ಸೇರಿಸಿಕೊಂಡರು; 1916ರಲ್ಲಿ ಅನಿ ಬೆಸೆಂಟ್ ಅವರು ಜಾರ್ಜ್ ಅರುಂಡೇಲ್ ಅವರೊಡನೆ ಮದರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿಯೇ ಸಂಘ ಕಟ್ಟಿದರು; ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ ಬಾಜಪೇಯಿ ಅವರು ಅಲಹಾಬಾದಿನಲ್ಲಿ ಸೇವಾ ಸಮಿತಿಯ ಸ್ಕೌಟ್ ಸಂಘವನ್ನು ಬೆಳೆಸಿದರು. ಜಾತ್ರೆ ಮೇಳಗಳ ಜನಜಂಗುಳಿಯಲ್ಲಿ ಕಳೆದುಹೋದ ಮಕ್ಕಳನ್ನು ತಾಯಿಯರಿಗೆ ಒಪ್ಪಿಸುವುದು, ವೃದ್ಧರ ಕೈಹಿಡಿದು ನಡೆಸುವುದು, ಬಾಯಾರಿದವರಿಗೆ ನೀರು ಕೊಡುವುದು ಅಲ್ಲಿಂದ ಮುಂದೆ ಭಾರತದ ಸ್ಕೌಟರ ಗುರುತೇ ಆಗಿಹೋಯಿತು. ಬೇರೆ ಬೇರೆಯಾಗಿದ್ದ ಸಂಘಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಹೆಸರಿನಡಿ ಬಂದವು. ಗರ್ಲ್ ಗೈಡ್ಸ್ ಸಂಘ ಮರುವರ್ಷ ಆಗಸ್ಟ್ 15ರಂದು ಕೂಡಿಕೊಂಡಿತು. ನಮ್ಮ ದೊಡ್ಡಬಳ್ಳಾಪುರದ ತರಬೇತಿ ತಾಣಕ್ಕೆ ಅನಿ ಬೆಸೆಂಟ್ ಅವರ ಹೆಸರಿರುವುದಕ್ಕೆ ಹಿನ್ನೆಲೆ ಇದು.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಸ್ಕೌಟ್ ತರಬೇತಿಯಲ್ಲಿ ಕಿಮ್ ಆಟ ಎಂಬುದೊಂದಿದೆ. ತಟ್ಟೆಯಲ್ಲಿ ಇಪ್ಪತ್ತು, ಇಪ್ಪತ್ತನಾಲ್ಕು ಚಿಲ್ಲರೆ ವಸ್ತುಗಳನ್ನು, ಎಂದರೆ ಗುಂಡಿ, ಬೀಗದ ಕೈ, ಹುಣಸೆಬೀಜ, ಪೆನ್ಸಿಲ್ ತುಂಡು ಇಂಥವನ್ನು ಇಟ್ಟು, ಒಂದು ನಿಮಿಷ ನೋಡಲು ಬಿಟ್ಟು, ಬಟ್ಟೆ ಮುಚ್ಚಿ, ಕಂಡದ್ದನ್ನು ಬರೆಯಿರಿ ಎನ್ನುತ್ತೇವೆ. ಮಕ್ಕಳು ಇದನ್ನು ನೆನಪಿನ ಆಟವೆಂದುಕೊಳ್ಳುತ್ತಾರೆ. ಎಷ್ಟೋ ಸ್ಕೌಟ್ ಮಾಸ್ಟರ್‌ಗಳೂ ಹಾಗೆಯೇ ಆಡಿಸಿ ಮುಗಿಸುತ್ತಾರೆ. ಆದರೆ ತಟ್ಟೆಯನ್ನು ನೋಡಲು ಕಲಿತ ಮಗುವಿಗೆ ಅಡುಗೆಮನೆಯನ್ನು, ತರಗತಿಯನ್ನು, ಬಸ್ ನಿಲ್ದಾಣವನ್ನು ಅದೇ ಗಮನದಿಂದ ನೋಡಲು ಕಲಿಸಿದಾಗಲೇ ಆ ಆಟ ಸಾರ್ಥಕ. ಯಾರ ಚಪ್ಪಲಿಯ ಬಾರು ಕಿತ್ತಿದೆ, ಊಟದ ಹೊತ್ತಿನಲ್ಲಿ ಯಾರು ಡಬ್ಬಿ ತೆರೆಯದೆ ಕೂತಿದ್ದಾರೆ ಎಂಬುದನ್ನು ಕಾಣದವರು ಸಹಾಯ ಮಾಡುವುದಾದರೂ ಯಾರಿಗೆ?

ಗದಗ ಜಿಲ್ಲೆಯ ಕಡೆಯ ಒಂದು ಪರೀಕ್ಷಾ ಶಿಬಿರದಲ್ಲಿ ಮಕ್ಕಳ ದಿನಚರಿಗಳನ್ನು ತಿದ್ದುವ ಕೆಲಸ ನನಗೆ ಬಂದಿತ್ತು. ಐವತ್ತಕ್ಕೂ ಹೆಚ್ಚು ಪುಸ್ತಕಗಳು. ಮೂವತ್ತು ಪುಸ್ತಕಗಳಾಗುವ ಹೊತ್ತಿಗೆ, ಹಗಲಿಗೆ ನಾಲ್ಕು ಬಸ್ಸು ಓಡಾಡುವ ಊರುಗಳಿಂದ ಬಂದ ಮಕ್ಕಳೆಲ್ಲ ಕಣ್ಣು ಕಾಣದವರಿಗೆ ರಸ್ತೆ ದಾಟಿಸಿದ್ದರು. ಬೇಸರವಾಗಿ ಪುಟ ಮಗುಚುತ್ತಿದ್ದಾಗ ಏಳನೇ ತರಗತಿಯ ಗೈಡ್ ಒಬ್ಬಳ ಪುಸ್ತಕದಲ್ಲಿ ‘ಆಯಿಯ ಸೂಜಿಗೆ ದಾರ ಪೋಣಿಸಿಕೊಟ್ಟೆ’ ಎಂಬ ಸಾಲು ಸಿಕ್ಕಿತು. ಅವಳನ್ನು ಕರೆದು ಕೇಳಿದೆ. ಅಜ್ಜಿ ಕೌದಿ ಹೊಲಿಯುತ್ತಿದ್ದರಂತೆ. “ಆಯಿ ಸೂಜಿ ಹಿಡಕೊಂಡು ಬಾಗಿಲತನಕ ಹೋಗಿ ಬೆಳಕಿಗೆ ಹಿಡೀತಿದ್ಲ್ರಿ ಸರ್. ನಾಕ್ ಸಲ ಹೋದ್ಲು. ನನ್ನ ಕರೀಲಿಲ್ಲ” ಎಂದಳು. ಪುಟ ತಿರುವಿದೆ. ಮೂರು ದಿನ ಅದೇ ಸಾಲು. ನಾಲ್ಕನೆಯ ದಿನದಿಂದ ಸಾಲು ಬದಲಾಗಿತ್ತು: ‘ಆರು ಸೂಜಿಗೆ ದಾರ ಪೋಣಿಸಿ ಇಟ್ಟೆ’. ತಾನು ಶಾಲೆಗೆ ಹೋದ ಮೇಲೆ ದಾರ ಮುಗಿದರೆ ಆಯಿ ಮತ್ತೆ ಬಾಗಿಲಿಗೆ ಹೋಗಬೇಕಲ್ಲ ಎಂದು, ಬೆಳಿಗ್ಗೆ ಹೊರಡುವ ಮುಂಚೆ ಆರು ಸೂಜಿಗಳಿಗೆ ದಾರ ಏರಿಸಿ, ತುದಿಗೆ ಗಂಟು ಹಾಕಿ, ಹಳೆಯ ಬಟ್ಟೆಯ ತುಂಡೊಂದಕ್ಕೆ ಸಾಲಾಗಿ ಚುಚ್ಚಿಟ್ಟು ಬರುತ್ತಿದ್ದಳು. ಸಿದ್ಧರಾಗಿರಿ ಎಂಬ ನಮ್ಮ ಧ್ಯೇಯವಾಕ್ಯವನ್ನು ನಾನು ನೂರಾರು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ಅದಕ್ಕೂ ದಿನದ ಒಳ್ಳೆಯ ಕೆಲಸಕ್ಕೂ ಇರುವ ನಂಟು ಆ ಆರು ಸೂಜಿಗಳನ್ನು ಕಂಡ ಮೇಲೆ ನನಗೆ ತಿಳಿಯಿತು. ಮೊದಲ ದಿನ ಅವಳು ಕಷ್ಟವನ್ನು ಕಂಡಳು, ನಾಲ್ಕನೆಯ ದಿನದ ಹೊತ್ತಿಗೆ ಬರಲಿರುವ ಕಷ್ಟವನ್ನೂ ಕಂಡಳು.

ಉಪಕಾರ ಪಡೆದವರ ಬದುಕು ಬದಲಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ಯಾವುದು, ಯಾರನ್ನು, ಯಾವಾಗ ಎಂದು ಮುಂಗಡವಾಗಿ ಹೇಳಲು ಬರುವುದಿಲ್ಲ. ದಾವಣಗೆರೆ ಸಮೀಪದ ಕೊಂಡಜ್ಜಿಯಲ್ಲಿ ನಡೆದ ಡಿಸೆಂಬರ್ ತಿಂಗಳ ಶಿಬಿರವೊಂದರಲ್ಲಿ, ಬೆಳಗಿನ ತಪಾಸಣೆಯ ಹೊತ್ತಿಗೆ ಒಂದು ಗುಡಾರದ ಮುಂದಿನ ಹಗ್ಗದ ಮೇಲೆ ಎರಡು ಹೊದಿಕೆಗಳು ನೀರು ಸೋರುತ್ತ ತೂಗಾಡುತ್ತಿದ್ದವು. ಆ ಗುಡಾರದ ಪೆಟ್ರೋಲ್ ಲೀಡರ್, ಎಂದರೆ ದಳದೊಳಗಿನ ಸಣ್ಣ ತಂಡದ ನಾಯಕ, ಒಂಬತ್ತನೇ ತರಗತಿಯವನು. ಏನಿದು ಎಂದು ಕೇಳಿದರೆ, ರಾತ್ರಿ ಕೊಡ ಉರುಳಿತು ಸರ್ ಎಂದ. ನಾನು ಎಲ್ಲರೆದುರಿಗೆ ಅವನನ್ನು ಬೈದು, ಅವನ ತಂಡದ ಅಂಕಗಳನ್ನು ಕಳೆದೆ. ಅವನು ತುಟಿಬಿಚ್ಚಲಿಲ್ಲ. ನಿಜ ಸಂಗತಿ ನನಗೆ ಗೊತ್ತಾದದ್ದು ಹತ್ತೊಂಬತ್ತು ವರ್ಷಗಳ ಮೇಲೆ. ಮೊದಲ ಬಾರಿಗೆ ಮನೆ ಬಿಟ್ಟು ಬಂದಿದ್ದ ಆರನೇ ತರಗತಿಯ ಹುಡುಗನೊಬ್ಬ ರಾತ್ರಿ ನಿದ್ದೆಯಲ್ಲಿ ಉಚ್ಚೆ ಮಾಡಿಕೊಂಡಿದ್ದ. ಲೀಡರ್ ಸೀಟಿ ಊದುವ ಮೊದಲೇ ಎದ್ದು, ಆ ಹೊದಿಕೆಯನ್ನು ನಲ್ಲಿಯ ಬಳಿ ಒಯ್ದು, ಥಂಡಿಯಲ್ಲಿ ಒಗೆದು, ಜೊತೆಗೆ ಒಣಗಿದ್ದ ತನ್ನ ಹೊದಿಕೆಯನ್ನೂ ನೀರಿಗೆ ಅದ್ದಿ ಎರಡನ್ನೂ ಒಟ್ಟಿಗೆ ಹಗ್ಗಕ್ಕೆ ಹಾಕಿದ್ದ. ಒಂದೇ ಹೊದಿಕೆ ಒದ್ದೆಯಾಗಿದ್ದರೆ ಅದು ಯಾರದ್ದೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಇದನ್ನು ನನಗೆ ಹೇಳಿದವನು ಆ ಕಿರಿಯ ಹುಡುಗನೇ. ಅವನೀಗ ಮಕ್ಕಳ ವಸತಿ ನಿಲಯವೊಂದರ ಮೇಲ್ವಿಚಾರಕ. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ಒಗೆದ ಹೊದಿಕೆಗಳ ಒಂದು ಕಟ್ಟನ್ನು ಯಾರು ಬೇಕಾದರೂ ಕೇಳದೆ ತೆಗೆದುಕೊಳ್ಳುವಂತೆ ಹೊರಗಿನ ಬೀರುವಿನಲ್ಲಿ ಬೀಗ ಹಾಕದೆ ಇಡುತ್ತಾನೆ. ಆ ಲೀಡರನ್ನು ಮುಂದೊಮ್ಮೆ ಕಂಡಾಗ ಕೇಳಿದೆ. ನಾನು ಬೈದದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ಹೊದಿಕೆ ಒಗೆದದ್ದು ನೆನಪಿರಲಿಲ್ಲ. ಅವನ ದಿನಚರಿಯಲ್ಲಿ ಆ ದಿನದ ಪುಟ ಹೇಗಿತ್ತೋ ನಾನು ನೋಡಲಿಲ್ಲ, ಆದರೆ ಬರೆದಿರಲಾರ; ಬರೆದಿದ್ದರೆ ಮಾಡಿದ ಕೆಲಸವೇ ಕೆಡುತ್ತಿತ್ತು. ಸ್ಕೌಟ್ ನಿಯಮಗಳಲ್ಲಿ ಮೊದಲನೆಯದು ನಂಬಿಕೆಗೆ ಅರ್ಹನಾಗಿರುವುದು. ಇನ್ನೊಬ್ಬನ ಮಾನ ಮುಚ್ಚಲು ಹೇಳಿ ಅದರ ಬೈಗುಳವನ್ನು ತಾನೇ ತಿಂದ ಆ ಸುಳ್ಳಿನಿಂದ ಅವನು ಆ ನಿಯಮವನ್ನು ಮುರಿದನೆಂದು ನನಗೆ ಇಂದಿಗೂ ಅನಿಸುವುದಿಲ್ಲ.

ನಿಮ್ಮ ಮಗನ ಸುಳ್ಳು ಬೇರೆ ಜಾತಿಯದು. ಅದು ಸಹಿಗಾಗಿ ಬರೆದದ್ದು. ದಿನಕ್ಕೊಂದು ಸಾಲು ಇರಲೇಬೇಕು, ಖಾಲಿ ಬಿಟ್ಟರೆ ಬೈಗುಳ, ದೊಡ್ಡದಾಗಿ ಬರೆದರೆ ಶಹಬಾಸ್‌ಗಿರಿ ಎಂಬ ವಾತಾವರಣವಿದ್ದರೆ ಹನ್ನೊಂದು ವರ್ಷದ ಹುಡುಗ ಪಾಠಪುಸ್ತಕದ ಅಜ್ಜನನ್ನು ಬಸ್ಸಿಗೆ ಹತ್ತಿಸದೆ ಇನ್ನೇನು ಮಾಡುತ್ತಾನೆ? ದಿನಚರಿ ಇರುವುದು ಕಲಿಯುವ ಕಾಲದ ಊರುಗೋಲಾಗಿ. ಹೊಸದಾಗಿ ಸೇರಿದ, ಪ್ರವೇಶ ಹಂತದ ಮಕ್ಕಳು ಮನೆಯಲ್ಲಿ ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಬರೆದಿಡಬೇಕು ಎಂಬುದರ ಉದ್ದೇಶ ರೂಢಿ ಹತ್ತಲಿ ಎಂಬುದಷ್ಟೇ. ಅದನ್ನೇ ಅಂಕದ ಹಾಳೆಯನ್ನಾಗಿ ಮಾಡಿದ ತಪ್ಪು ನಮ್ಮದು. ಆದ್ದರಿಂದ ಆ ಎರಡು ಪುಟಗಳನ್ನು ಮುಂದಿಟ್ಟುಕೊಂಡು ವಿಚಾರಣೆ ನಡೆಸಬೇಡಿ. ಏನೂ ಮಾಡದ ದಿನ ಪುಟ ಖಾಲಿ ಬಿಡಬಹುದು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ ಎಂದು ಹೇಳಿ, ಸ್ಕೌಟ್ ಮಾಸ್ಟರರಿಗೂ ಈ ಮಾತನ್ನು ಗೌರವದಿಂದಲೇ ತಿಳಿಸಿ. ಖಾಲಿ ಪುಟಕ್ಕೂ ಸಹಿ ಹಾಕುವ ಅಭ್ಯಾಸವನ್ನು ನಾನು ತಡವಾಗಿ ಕಲಿತೆ. ಕಲಿತ ವರ್ಷದಿಂದ ನನ್ನ ದಳದ ದಿನಚರಿಗಳಲ್ಲಿ ಅಂಧರ ಸಂಖ್ಯೆ ಇಳಿದು, ಕೊಟ್ಟಿಗೆ, ಬಾವಿಕಟ್ಟೆ, ತಂಗಿಯ ಜಡೆ ಕಾಣಿಸಿಕೊಳ್ಳತೊಡಗಿದವು.

ಬಹುಮಾನದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲೊ ಅವರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 20 ತಿಂಗಳ ಕೂಸುಗಳನ್ನು ಗಮನಿಸಿದರು. ದೊಡ್ಡವರ ಕೈಗೆ ಎಟುಕದ ವಸ್ತುವನ್ನು ಎತ್ತಿಕೊಟ್ಟಾಗಲೆಲ್ಲ ಆಟಿಕೆಯ ಬಹುಮಾನ ಪಡೆದ ಕೂಸುಗಳು, ಬಹುಮಾನ ನಿಂತ ಮೇಲೆ ಸಹಾಯ ಮಾಡುವುದನ್ನು ಕಡಿಮೆ ಮಾಡಿದವು. ಏನನ್ನೂ ಪಡೆಯದಿದ್ದ ಕೂಸುಗಳು ಮೊದಲಿನಂತೆಯೇ ಮಾಡುತ್ತ ಹೋದವು. ನಾಲ್ಕು ಒಳ್ಳೆಯ ಕೆಲಸಕ್ಕೆ ಒಂದು ಚಾಕೊಲೇಟ್ ಎಂದು ಮನೆಯಲ್ಲಿ ಲೆಕ್ಕ ಇಟ್ಟರೆ ಆಗುವ ನಷ್ಟ ಇದೇ. ಮಗ ನೆರೆಮನೆಯವರಿಗೆ ನೀರಿನ ಕೊಡ ಹೊತ್ತುಕೊಟ್ಟ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದೂ ಬಹುಮಾನವೇ. ಜೊತೆಗೆ ಕೊಡ ಹೊರಲಾರದ ಆ ನೆರೆಯವರನ್ನು ಹಂಗಿಗೆ ಸಿಕ್ಕಿಸಿದಂತೆ. ಆಸ್ಪತ್ರೆಯ ಹಾಸಿಗೆಯ ಮೇಲಿರುವವರ ಕೈಗೆ ಹಣ್ಣು ಕೊಟ್ಟು, ಫೋಟೊ ಆಗುವವರೆಗೆ ಆ ಹಣ್ಣನ್ನು ಇಬ್ಬರೂ ಹಿಡಿದುಕೊಂಡೇ ಇರುವ ನೋಟವನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಸ್ಕೌಟ್ ಆದವರ ಮುಂದಿನ ಬದುಕಿನ ಬಗ್ಗೆ ಲೆಕ್ಕವೇ ಬೇಕೆಂದರೆ, 1958ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸುಮಾರು 10,000 ಜನರ ಬದುಕಿನ ಮಾಹಿತಿಯನ್ನು ಎಡಿನ್‌ಬರೊ ಮತ್ತು ಗ್ಲಾಸ್ಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಪರಿಶೀಲಿಸಿದ್ದಾರೆ. ಬಾಲ್ಯದಲ್ಲಿ ಸ್ಕೌಟ್ ಅಥವಾ ಗೈಡ್ ಆಗಿದ್ದವರಿಗೆ 50ನೆಯ ವಯಸ್ಸಿನಲ್ಲಿ ಆತಂಕ ಮತ್ತು ಖಿನ್ನತೆಯಂಥ ತೊಂದರೆಗಳ ಸಂಭವ ಉಳಿದವರಿಗಿಂತ ಸುಮಾರು ಶೇ 15ರಷ್ಟು ಕಡಿಮೆ ಇತ್ತೆಂದು 2016ರಲ್ಲಿ ಅವರು ವರದಿ ಮಾಡಿದರು. ಇದನ್ನು ನಾನು ಬಾವುಟದಂತೆ ಬೀಸುವುದಿಲ್ಲ. ಅದರಲ್ಲಿ ಶಿಬಿರ, ಗೆಳೆತನ, ಬಯಲಿನ ಆಟ ಎಲ್ಲವೂ ಸೇರಿರುತ್ತವೆ, ದಿನದ ಉಪಕಾರದ ಪಾಲು ಎಷ್ಟೆಂದು ಬಿಡಿಸಲಾಗದು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೆರಿಕದ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಅವರು 1920ರ ದಶಕದಲ್ಲಿ 10,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ಕಂಡುಕೊಂಡ ಹಳೆಯ ಸತ್ಯ. ತರಗತಿಯಲ್ಲಿ ಪ್ರಾಮಾಣಿಕನಾಗಿದ್ದ ಮಗು ಆಟದಲ್ಲಿಯೂ ಹಾಗೆಯೇ ಇರುತ್ತದೆ ಎಂದೇನೂ ಇಲ್ಲ. ಒಳ್ಳೆಯ ನಡತೆ ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ, ನೀತಿಯ ಉಪದೇಶದಿಂದ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವುದಿಲ್ಲ. ಹಾಗಾಗಿಯೇ ವರ್ಷಕ್ಕೊಂದು ದೊಡ್ಡ ಸೇವಾ ಕಾರ್ಯಕ್ರಮಕ್ಕಿಂತ ಮನೆಯಲ್ಲಿ, ಓಣಿಯಲ್ಲಿ, ತರಗತಿಯಲ್ಲಿ, ಮೈದಾನದಲ್ಲಿ ಬಿಡಿಬಿಡಿಯಾಗಿ ಮಾಡುವ ಕಿರುಗೆಲಸಗಳನ್ನು ನಾನು ನೆಚ್ಚುತ್ತೇನೆ. ಒಂದೊಂದು ಜಾಗದಲ್ಲೂ ಕಣ್ಣು ಹೊಸದಾಗಿ ಕಲಿಯಬೇಕು.

ಮಗುವಿಗೆ ಕಲಿಸಬೇಕಾದ ಇನ್ನೆರಡು ಸಂಗತಿಗಳನ್ನು ಹೇಳುತ್ತೇನೆ. ಕೇಳದೆ ಕೈ ಹಾಕಬಾರದು. ಊರುಗೋಲು ಹಿಡಿದವರ ತೋಳನ್ನು ಹಠಾತ್ತನೆ ಹಿಡಿದೆಳೆದರೆ ಅವರು ಬೀಳುತ್ತಾರೆ, “ಕೈ ಕೊಡಲೇ ಅಜ್ಜ?” ಎಂದು ಕೇಳಿ, ಬೇಡವೆಂದರೆ ಬೇಸರಪಡದೆ ಸರಿಯಬೇಕು. ಎರಡನೆಯದು ಸುರಕ್ಷತೆ. ಅಪರಿಚಿತರೊಡನೆ ಅವರ ಮನೆಗೋ ವಾಹನಕ್ಕೋ ಒಂಟಿಯಾಗಿ ಹೋಗಬಾರದು. ನೀರಿಗೆ ಬಿದ್ದವರನ್ನು, ವಿದ್ಯುತ್ ತಗುಲಿದವರನ್ನು ತಾನೇ ಎಳೆಯಲು ಹೋಗದೆ ದೊಡ್ಡವರನ್ನು ಕೂಗಿ ಕರೆಯಬೇಕು. ಕೂಗಿ ಕರೆದದ್ದೂ ಆ ದಿನದ ಸತ್ಕಾರ್ಯವೇ ಎಂದು ಅವನಿಗೆ ತಿಳಿದಿರಲಿ.

ಸರ್ಟಿಫಿಕೇಟಿನ ಬಗ್ಗೆ ಮುಚ್ಚುಮರೆ ಬೇಡ. ಸ್ಕೌಟ್ ಕಲಿಕೆಯ ಮೆಟ್ಟಿಲುಗಳಾದ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ದಾಟಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳವರೆಗೆ ಹೋದವರಿಗೆ ಅದರಿಂದ ಅನುಕೂಲವಿದೆ. ನಮ್ಮ ಸಿಇಟಿ ಪ್ರವೇಶದಲ್ಲೂ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ವಿಶೇಷ ವರ್ಗವಿದೆ. ಮಕ್ಕಳ ಭವಿಷ್ಯದ ಬಗ್ಗೆ ತಂದೆತಾಯಿ ಯೋಚಿಸುವುದು ತಪ್ಪಲ್ಲ. ಅದು ಆರು ಏಳು ವರ್ಷಗಳಾಚೆಯ ಮಾತು, ದಾರಿಯಲ್ಲಿ ಸಿಕ್ಕರೆ ಸಿಗಲಿ. ಆರನೇ ತರಗತಿಯ ಹುಡುಗನ ಎದುರು ಅದರ ಪ್ರಸ್ತಾಪ ಎತ್ತಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಇವತ್ತು ಏನು ಒಳ್ಳೆಯ ಕೆಲಸ ಮಾಡಿದೆ ಎಂದೂ ಕೇಳಬೇಡಿ, ಆ ಪ್ರಶ್ನೆಗೆ ಬಸ್ಸಿನ ಅಜ್ಜನೇ ಉತ್ತರವಾಗಿ ಬರುತ್ತಾನೆ. ಇವತ್ತು ಯಾರಿಗೆ ಏನು ಕಷ್ಟವಾಗುತ್ತಿತ್ತು, ಏನಾದರೂ ಕಂಡೆಯಾ ಎಂದು ಕೇಳಿ, ಅವನು ಹೇಳುವಾಗ ಕೈಯಲ್ಲಿನ ಕೆಲಸ ಬಿಟ್ಟು ಕೇಳಿಸಿಕೊಳ್ಳಿ. ಈ ರಾತ್ರಿ ಊಟವಾದ ಮೇಲೆ ಆ ಫೋನಿನ ಪುಟದಿಂದಲೇ ಶುರುಮಾಡಬಹುದು. ಆ ದಿನ ನಿಮ್ಮ ಫೋನಿನಲ್ಲಿ ಚಾರ್ಜ್ ಮುಗಿಯುತ್ತಿದೆ ಎಂಬುದು ಅವನಿಗೆ ಹೇಗೆ ಗೊತ್ತಾಯಿತು, ನೀವು ಆಗ ಏನು ಮಾಡುತ್ತಿದ್ದಿರಿ, ಯಾರ ಕರೆಗಾಗಿ ಕಾಯುತ್ತಿದ್ದಿರಿ ಎಂದು ಅವನನ್ನೇ ಕೇಳಿ ನೋಡಿ.